ಕೊರೊಲೆವ್ ಮತ್ತು ಅವನ ಮೂಕ ನೌಕೆಗಳು

ಬೆಳಗಿನ ಜಾವದಲ್ಲಿ ಮೂಡುವ ಬೆಳ್ಳಿಯನ್ನು ನೋಡಿ ಹೊತ್ತನ್ನು ಅಳೆಯುವುದು ನಮ್ಮ ಹಿರಿಯರ ರೂಢಿಯಾಗಿತ್ತು. ಗಡಿಯಾರವಿಲ್ಲದ ಮನೆಗಳಲ್ಲಿ ಬೆಳ್ಳಿ ಮೂಡಿತೆಂದರೆ ಏಳುವ ಹೊತ್ತಾಯಿತೆಂದೇ ಅರ್ಥ. ಪಂಚಾಂಗವು ಶುಕ್ರನೆಂದು ಕರೆಯುವ ಆ ಬೆಳ್ಳಿಯ ಮೈಮೇಲೆ 1966ನೆಯ ಇಸವಿ ಮಾರ್ಚ್ 1ರಂದು ಮನುಷ್ಯನು ಮಾಡಿದ ವಸ್ತುವೊಂದು ಹೋಗಿ ಬಿದ್ದಿತು. ಭೂಮಿಯನ್ನು ಬಿಟ್ಟು ಇನ್ನೊಂದು ಗ್ರಹವನ್ನು ಮುಟ್ಟಿದ ಮೊತ್ತಮೊದಲ ಮಾನವನಿರ್ಮಿತ ವಸ್ತು ಅದೇ. ಅದರ ಹೆಸರು ವೆನೆರಾ-3. ಅಲ್ಲಿ ಏನು ಕಂಡಿತೆಂಬುದನ್ನು ಅದು ಹೇಳಲಿಲ್ಲ. ಮುಟ್ಟುವುದಕ್ಕೆ ಮೊದಲೇ ಅದರ ರೇಡಿಯೋ ನಿಂತುಹೋಗಿತ್ತು. ಅದನ್ನು ಕಟ್ಟಿಸಿ ಕಳುಹಿದವನಾದರೂ ಅಷ್ಟರಲ್ಲಿ ಈ ಲೋಕದಲ್ಲಿರಲಿಲ್ಲ. ನಲವತ್ತಾರು ದಿನಗಳ ಹಿಂದೆ ಮಾಸ್ಕೋ ನಗರದ ಆಸ್ಪತ್ರೆಯೊಂದರಲ್ಲಿ, ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗಲೇ, ಅವನು ತೀರಿಕೊಂಡಿದ್ದನು.

ಅವನೇ ಸೆರ್ಗೆಯ್ ಪಾವ್ಲೊವಿಚ್ ಕೊರೊಲೆವ್. ಜಗತ್ತು ಅವನನ್ನು ಸ್ಪುಟ್ನಿಕ್ಕಿನ ನಿರ್ಮಾತೃವೆಂದು ಬಲ್ಲದು; ಯೂರಿ ಗಗಾರಿನನನ್ನು ಆಕಾಶಕ್ಕೆ ಏರಿಸಿದವನೆಂದು ಬಲ್ಲದು. ಶಾಲೆಯ ಪುಸ್ತಕಗಳಲ್ಲಿ ಕಾಣುವುದು ಈ ಗೆಲುವುಗಳೇ. ಆದರೆ ಅವನ ಬಾಳನ್ನು ಗ್ರಹಗಳ ಕಡೆಯಿಂದ ನೋಡಿದರೆ ಬೇರೊಂದು ಚಿತ್ರ ತೋರುತ್ತದೆ. 1960ರಿಂದ 1965ರವರೆಗೆ ಮಂಗಳನತ್ತಲೂ ಶುಕ್ರನತ್ತಲೂ ಅವನು ಹದಿನೈದಕ್ಕೂ ಹೆಚ್ಚು ಯಂತ್ರನೌಕೆಗಳನ್ನು ಹಾರಿಸಿದನು. ಅವುಗಳಲ್ಲಿ ಒಂದಾದರೂ ತಾನು ಹೊರಟ ಗ್ರಹದ ಸುದ್ದಿಯನ್ನು ಭೂಮಿಗೆ ಕಳುಹಲಿಲ್ಲ. ಆ ಮನುಷ್ಯನ ನಿಜವಾದ ಎತ್ತರವನ್ನೂ ಅವನ ಕೊರತೆಯನ್ನೂ ಅಳೆಯಲು ಈ ಸೋಲುಗಳೇ ಸರಿಯಾದ ಅಳತೆಗೋಲೆಂದು ನನಗೆ ಬಹುಕಾಲದಿಂದ ತೋರಿದೆ. ಆ ದೃಷ್ಟಿಯಿಂದಲೇ ಅವನ ಕಥೆಯನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಕೊರೊಲೆವ್ ಹುಟ್ಟಿದ್ದು 1907ರ ಜನವರಿ 12ರಂದು, ಉಕ್ರೇನಿನ ಝಿತೋಮಿರ್ ಎಂಬ ಊರಿನಲ್ಲಿ. ತಂದೆ ರಷ್ಯನ್ ಸಾಹಿತ್ಯವನ್ನು ಕಲಿಸುವ ಉಪಾಧ್ಯಾಯ. ತಂದೆತಾಯಿಗಳ ದಾಂಪತ್ಯ ಬೇಗನೆ ಮುರಿದುಬಿತ್ತು. ಮಗು ನೇಜಿನ್ ಎಂಬ ಸಣ್ಣ ಪಟ್ಟಣದಲ್ಲಿ ತಾಯಿಯ ತವರುಮನೆಯಲ್ಲಿ, ಅಜ್ಜ ಅಜ್ಜಿಯರ ಆರೈಕೆಯಲ್ಲಿ, ಹೆಚ್ಚಿನ ಸಂಗಾತಿಗಳಿಲ್ಲದೆ ಬೆಳೆಯಿತು. ಆ ಊರಿಗೆ ವಿಮಾನ ಹಾರಿಸುವವನೊಬ್ಬನು ಬಂದಾಗ ಹುಡುಗನು ಅಜ್ಜನ ಹೆಗಲ ಮೇಲೆ ಕುಳಿತು ಆ ಹಾರಾಟವನ್ನು ಕಂಡನೆಂದು ಅವನ ಚರಿತ್ರೆಯನ್ನು ಬರೆದವರೆಲ್ಲ ಹೇಳುತ್ತಾರೆ. ತಾಯಿ ಮರುಮದುವೆಯಾದಳು, ಮಲತಂದೆ ಒಬ್ಬ ಎಂಜಿನಿಯರ್. 1917ರಲ್ಲಿ ಸಂಸಾರ ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರಕ್ಕೆ ಬಂದು ನೆಲೆಸಿತು. ಕ್ರಾಂತಿ, ಅಂತರ್ಯುದ್ಧ, ಹಸಿವು ಇವುಗಳ ನಡುವೆಯೇ ಹುಡುಗನು ಕಟ್ಟಡದ ಕೆಲಸ ಕಲಿಸುವ ಶಾಲೆಗೆ ಸೇರಿ ಹೆಂಚು ಹೊದಿಸುವುದನ್ನೂ ಮರಗೆಲಸವನ್ನೂ ಕಲಿತನು. ಬಂದರಿನಲ್ಲಿ ನೀರಿನ ಮೇಲೆ ಇಳಿಯುವ ವಿಮಾನಗಳಿದ್ದವು. ಅವನ ಮನಸ್ಸು ಅಲ್ಲಿಯೇ. ಹದಿನೇಳನೆಯ ವಯಸ್ಸಿನಲ್ಲಿ, 1924ರಲ್ಲಿ, ಎಂಜಿನಿಲ್ಲದೆ ಗಾಳಿಯಲ್ಲಿ ತೇಲುವ ವಿಮಾನವೊಂದರ ನಕ್ಷೆಯನ್ನು ತಾನೇ ರಚಿಸಿದನು.

ಕೀವ್ ನಗರದಲ್ಲಿ ಎರಡು ವರ್ಷ ಓದಿ, 1926ರಲ್ಲಿ ಮಾಸ್ಕೋ ನಗರದ ಉನ್ನತ ತಾಂತ್ರಿಕ ವಿದ್ಯಾಲಯವನ್ನು ಸೇರಿದನು. ಅಲ್ಲಿ ಅವನ ಪದವಿಯ ಕೆಲಸಕ್ಕೆ ಮಾರ್ಗದರ್ಶಿಯಾಗಿ ದೊರೆತವನು ವಿಮಾನ ನಿರ್ಮಾಣದಲ್ಲಿ ಹೆಸರಾಂತ ಆಂದ್ರೆಯ್ ತುಪೊಲೆವ್. ಇಷ್ಟಾದರೆ ಕೊರೊಲೆವ್ ಒಳ್ಳೆಯ ವಿಮಾನಶಿಲ್ಪಿಯಾಗಿ ಬಾಳಿ ಹೋಗುತ್ತಿದ್ದನೋ ಏನೋ. ಆದರೆ 1931ರಲ್ಲಿ ಫ್ರೀಡ್ರಿಖ್ ಜಾಂಡರ್ ಎಂಬವನೊಡನೆ ಅವನಿಗೆ ಸ್ನೇಹ ಬೆಳೆಯಿತು. ಜಾಂಡರ್ ಮಂಗಳಗ್ರಹದ ಹುಚ್ಚು ಹಿಡಿದ ಸಾಧು. ತನ್ನ ಮಕ್ಕಳಿಬ್ಬರಿಗೆ ಆಸ್ತ್ರಾ, ಮೆರ್ಕುರಿ ಎಂದು ನಕ್ಷತ್ರದ ಹೆಸರನ್ನೂ ಗ್ರಹದ ಹೆಸರನ್ನೂ ಇಟ್ಟವನು. ಮಂಗಳನತ್ತ ಮುನ್ನಡೆಯಬೇಕೆಂಬುದೇ ಅವನ ದಿನನಿತ್ಯದ ಮಂತ್ರ. ಇವರಿಬ್ಬರೂ ಇತರ ಕೆಲವರೂ ಕೂಡಿ ಮಾಸ್ಕೋ ನಗರದ ಒಂದು ಮನೆಯ ನೆಲಮಾಳಿಗೆಯಲ್ಲಿ ರಾಕೆಟ್ಟಿನ ಸಂಘವನ್ನು ಕಟ್ಟಿದರು. ಸಂಬಳವಿಲ್ಲದೆ ದುಡಿಯುವ ಎಂಜಿನಿಯರುಗಳ ಗುಂಪೆಂದು ತಮ್ಮನ್ನು ತಾವೇ ಗೇಲಿಮಾಡಿಕೊಳ್ಳುತ್ತಿದ್ದರು. 1933ರ ಮಾರ್ಚಿನಲ್ಲಿ ಜಾಂಡರ್ ವಿಷಮಜ್ವರದಿಂದ ತೀರಿಕೊಂಡನು. ಅದೇ ವರ್ಷ ಆಗಸ್ಟ್ 17ರಂದು ಅವರ ಮೊದಲ ರಾಕೆಟ್ಟು ಮೇಲೆದ್ದಿತು. ಏರಿದ ಎತ್ತರ ಸುಮಾರು 400 ಮೀಟರು, ಹಾರಿದ ಕಾಲ ಹದಿನೆಂಟು ಸೆಕೆಂಡು. ಮಂಗಳನ ಕನಸನ್ನು ಕೊರೊಲೆವ್‌ನಿಗೆ ಬಳುವಳಿಯಾಗಿ ಕೊಟ್ಟವನು ಅದನ್ನು ಕಣ್ಣಾರೆ ಕಾಣಲಿಲ್ಲ. ಮುಂದೆ ಕೊರೊಲೆವ್‌ನ ಪಾಲಿಗೂ ಇಂಥದೇ ಗತಿ ಕಾದಿತ್ತು.

1938ರ ಜೂನ್ 27ರ ರಾತ್ರಿ ಪೊಲೀಸರು ಅವನ ಮನೆಗೆ ಬಂದರು. ಸ್ಟಾಲಿನನ ಭೀತಿಯ ಆಳ್ವಿಕೆಯ ಕಾಲ ಅದು. ಸಂಘದ ಕೆಲಸ ಸೇರಿಕೊಂಡಿದ್ದ ಸಂಶೋಧನಾಲಯದ ಮುಖ್ಯಸ್ಥನನ್ನೂ ಅವನ ಸಹಾಯಕನನ್ನೂ ಆ ವರ್ಷದ ಆರಂಭದಲ್ಲಿಯೇ ಗುಂಡಿಟ್ಟು ಕೊಂದಿದ್ದರು. ಕೊರೊಲೆವ್‌ನ ಮೇಲೆ ಹೊರಿಸಿದ ಆಪಾದನೆ ಬುಡಮೇಲು ಕೃತ್ಯ. ಇದರ ಅರ್ಥವನ್ನು ಓದುಗರು ಸ್ವಲ್ಪ ನಿಂತು ಯೋಚಿಸಬೇಕು. ಹೊಸ ಯಂತ್ರವನ್ನು ಕಟ್ಟುವವನ ಕೈಯಲ್ಲಿ ಮೊದಮೊದಲು ಅದು ಕೆಡುವುದು ಸಹಜ. ಆ ಕೇಡನ್ನು ಪ್ರಯೋಗದ ಸೋಲೆಂದು ನೋಡದೆ ರಾಜದ್ರೋಹವೆಂದು ನೋಡುವ ರಾಜ್ಯದಲ್ಲಿ ಎಂಜಿನಿಯರನು ಯಾವ ಧೈರ್ಯದಿಂದ ಹೊಸದನ್ನು ಮುಟ್ಟಬೇಕು? ವಿಚಾರಣೆಯಲ್ಲಿ ಹೊಡೆತ ತಿಂದು ಅವನು ತಪ್ಪೊಪ್ಪಿಗೆಗೆ ಸಹಿ ಹಾಕಿದನು. ಹತ್ತು ವರ್ಷಗಳ ಶಿಕ್ಷೆಯಾಯಿತು. ಸೈಬೀರಿಯದ ಮೂಡಣ ಕೊನೆಯ ಕೊಲಿಮಾ ಪ್ರಾಂತದ ಚಿನ್ನದ ಗಣಿಗೆ ಅವನನ್ನು ಅಟ್ಟಿದರು. ಅಲ್ಲಿ ಕೆಲವೇ ತಿಂಗಳುಗಳಲ್ಲಿ ವಸಡು ಕೊಳೆಯುವ ರೋಗ ಹತ್ತಿ ಹಲ್ಲುಗಳು ಉದುರಿದವು. ಹೊರಗೆ ತಾಯಿಯೂ ಕೆಲವು ವಿಮಾನವೀರರೂ ಮೇಲಿನವರ ಬಾಗಿಲು ತಟ್ಟಿದ ಫಲವಾಗಿ ಮರುವಿಚಾರಣೆಗೆಂದು ಮಾಸ್ಕೋ ನಗರಕ್ಕೆ ಅವನನ್ನು ಹಿಂದಕ್ಕೆ ತಂದರು. ಶಿಕ್ಷೆ ಎಂಟು ವರ್ಷಕ್ಕೆ ಇಳಿಯಿತು. ಆಮೇಲೆ ಎಂಜಿನಿಯರ್ ಕೈದಿಗಳಿಂದ ವಿಮಾನಗಳನ್ನು ರಚಿಸುವ ಸೆರೆಮನೆಯಲ್ಲಿ ಸ್ಥಳ ದೊರಕಿತು. ಅಲ್ಲಿ ಮುಖ್ಯಸ್ಥನಾಗಿದ್ದವನು ತಾನೂ ಕೈದಿಯಾಗಿದ್ದ ಗುರು ತುಪೊಲೆವ್. ಕೊರೊಲೆವ್‌ನಿಗೆ ಬಿಡುಗಡೆಯಾದದ್ದು 1944ರಲ್ಲಿ. ಅವನು ನಿರ್ದೋಷಿಯೆಂದು ಸರಕಾರ ಒಪ್ಪಿಕೊಂಡದ್ದು 1957ರಲ್ಲಿ.

ಯುದ್ಧ ಮುಗಿದ ಮೇಲಿನ ಹನ್ನೆರಡು ವರ್ಷಗಳ ಕಥೆಯನ್ನು ಬೇಗನೆ ಹೇಳಿ ಮುಂದೆ ಹೋಗಬಹುದು. ಸೋತ ಜರ್ಮನಿಗೆ ಹೋಗಿ ಅಲ್ಲಿಯ ವಿ-2 ರಾಕೆಟ್ಟುಗಳನ್ನು ಅಭ್ಯಾಸಮಾಡಿದನು. ಮಾಸ್ಕೋ ನಗರದ ಬಳಿಯ ಪೊದ್ಲಿಪ್ಕಿ ಎಂಬಲ್ಲಿ ತನ್ನ ನಿರ್ಮಾಣಶಾಲೆಯನ್ನು ಬೆಳೆಸಿದನು. ಖಂಡಾಂತರ ಕ್ಷಿಪಣಿಯಾಗಿ ಆರ್-7 ಎಂಬ ಮಹಾ ರಾಕೆಟ್ಟನ್ನು ಕಟ್ಟಿದನು. 1957ರ ಮೇ 15ರಂದು ಅದರ ಮೊದಲ ಹಾರಾಟ ಬೆಂಕಿಯಲ್ಲಿ ಮುಗಿಯಿತು. ಜುಲೈ ತಿಂಗಳ ಹಾರಾಟವೂ ಕೆಟ್ಟಿತು. ಆಗಸ್ಟ್ 21ರಂದು ಅದು ಗುರಿ ಮುಟ್ಟಿತು. ಆರೇ ವಾರಗಳ ಮೇಲೆ, ಅಕ್ಟೋಬರ್ 4ರಂದು, ಅದೇ ರಾಕೆಟ್ಟು ಸ್ಪುಟ್ನಿಕ್ಕನ್ನು ಭೂಮಿಯ ಸುತ್ತ ತಿರುಗಿಸಿತು. 1959ರಲ್ಲಿ ಒಂದು ನೌಕೆ ಚಂದ್ರನಿಗೆ ಬಡಿಯಿತು, ಇನ್ನೊಂದು ಚಂದ್ರನ ಕಾಣದ ಬೆನ್ನಿನ ಚಿತ್ರ ತಂದಿತು. ಇಷ್ಟು ಗೆಲುವನ್ನು ಕಂಡವನು ಮುಂದಿನ ಹೆಜ್ಜೆಯನ್ನು ಗ್ರಹಗಳತ್ತ ಇಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಗ್ರಹಯಾತ್ರೆಗೂ ಮದುವೆಗೂ ಒಂದು ಹೋಲಿಕೆಯುಂಟು: ಎರಡಕ್ಕೂ ಮುಹೂರ್ತ ಕೂಡಿಬರಬೇಕು. ಭೂಮಿಯೂ ಮಂಗಳನೂ ಸೂರ್ಯನನ್ನು ಬೇರೆ ಬೇರೆ ವೇಗದಲ್ಲಿ ಸುತ್ತುವುದರಿಂದ ಸ್ವಲ್ಪ ಶಕ್ತಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಅವಕಾಶ ಇಪ್ಪತ್ತಾರು ತಿಂಗಳಿಗೊಮ್ಮೆ ಕೆಲವೇ ವಾರ ಮಾತ್ರ ದೊರೆಯುತ್ತದೆ. ಶುಕ್ರನಿಗಾದರೆ ಹತ್ತೊಂಬತ್ತು ತಿಂಗಳಿಗೊಮ್ಮೆ. ತಪ್ಪಿದರೆ ಮತ್ತೆ ಎರಡು ವರ್ಷ ಕಾಯಬೇಕು. ಆದ್ದರಿಂದ ಯಂತ್ರ ಸಿದ್ಧವಾಯಿತೆಂದು ಹೊರಡುವ ಪದ್ಧತಿ ಇಲ್ಲಿಲ್ಲ. ದಿನ ಬಂದಿತೆಂದು ಹೊರಡಬೇಕು. ಕೊರೊಲೆವ್‌ನ ಸೋಲುಗಳ ಬೀಜ ಇಲ್ಲಿಯೇ ಇದೆ. ಮಂಗಳನ ಮುಹೂರ್ತ ಬಿದ್ದದ್ದು 1960ರ ಅಕ್ಟೋಬರಿನಲ್ಲಿ. ಅದಕ್ಕಾಗಿ ಆರ್-7ರ ಮೇಲೆ ಇನ್ನೆರಡು ಹಂತಗಳನ್ನು ಏರಿಸಬೇಕು; ತಿಂಗಳುಗಟ್ಟಲೆ ಶೂನ್ಯದಲ್ಲಿ ಕೆಟ್ಟುಹೋಗದೆ ಬದುಕುವ ನೌಕೆಯನ್ನು ಕಟ್ಟಬೇಕು; ಕೋಟಿಗಟ್ಟಲೆ ಕಿಲೋಮೀಟರ್ ದೂರದಿಂದ ಬರುವ ಕ್ಷೀಣಧ್ವನಿಯನ್ನು ಕೇಳುವ ಕಿವಿಯನ್ನೂ ಸಿದ್ಧಗೊಳಿಸಬೇಕು. ಇವೆಲ್ಲಕ್ಕೂ ಅವನಿಗಿದ್ದ ಕಾಲ ಸುಮಾರು ಒಂದು ವರ್ಷ.

ಆ ಕಿವಿಯ ವಿಷಯ ಹೇಳಲೇಬೇಕು. ಕ್ರಿಮಿಯ ಪ್ರಾಂತದ ಯೆವ್ಪತೋರಿಯಾ ಪಟ್ಟಣದ ಬಳಿ ಅದನ್ನು ಕಟ್ಟಿದರು. 16 ಮೀಟರ್ ಅಗಲದ ಎಂಟು ಬೋಗುಣಿಗಳನ್ನು ಒಂದೇ ಚೌಕಟ್ಟಿಗೆ ಕೂಡಿಸಿದರು. ಹೊಸದಾಗಿ ಎಲ್ಲವನ್ನೂ ಎರಕ ಹೊಯ್ಯಲು ಸಮಯವಿರಲಿಲ್ಲ. ಚೌಕಟ್ಟಿಗೆ ರೈಲ್ವೆ ಸೇತುವೆಯ ಕಬ್ಬಿಣದ ತೊಲೆಗಳು ಬಂದವು; ಬೋಗುಣಿಗಳನ್ನು ಹೊರಲು ಜಲಾಂತರ್ಗಾಮಿ ಹಡಗಿನ ಒಡಲು ಬಂದಿತು; ಇಡೀ ಭಾರವನ್ನು ತಿರುಗಿಸಲು ಯುದ್ಧನೌಕೆಯ ಫಿರಂಗಿಗಳ ಪೀಠ ಬಂದಿತು. ಕೊಲ್ಲಲೆಂದು ಮಾಡಿದ ಸಾಮಗ್ರಿಗಳು ಹೀಗೆ ಕೇಳಲೆಂದು ಕೂಡಿಕೊಂಡವು. ಆ ವರ್ಷದ ಕೊನೆಗೆ ಕಿವಿ ಸಿದ್ಧವಾಯಿತು. ಕೇಳಿಸಬೇಕಾದ ಧ್ವನಿ ಮಾತ್ರ ಬರುವುದು ಕಷ್ಟವಾಯಿತು.

ಮೊದಲ ಮಂಗಳನೌಕೆಯಲ್ಲಿ ಭಾರ ಮಿತಿಮೀರಿದಾಗ ಉಪಕರಣಗಳನ್ನು ಒಂದೊಂದಾಗಿ ಇಳಿಸಬೇಕಾಯಿತು. ಕೊರೊಲೆವ್‌ನ ಸಹಾಯಕನಾಗಿದ್ದ ಬೊರೀಸ್ ಚೆರ್ತೋಕ್ ತನ್ನ ನೆನಪಿನ ಸಂಪುಟಗಳಲ್ಲಿ ಒಂದು ಸ್ವಾರಸ್ಯದ ಸಂಗತಿ ಬರೆದಿದ್ದಾನೆ. ಮಂಗಳನಲ್ಲಿ ಜೀವವಿದೆಯೇ ಎಂದು ತಿಳಿಯುವ ಉಪಕರಣವೊಂದಿತ್ತು. ಕೊರೊಲೆವ್ ಅದನ್ನು ಮೊದಲು ಉಡಾವಣೆಯ ನೆಲೆಯ ಸುತ್ತಲಿನ ಕಜಕಸ್ತಾನದ ಬಯಲಿನಲ್ಲಿಯೇ ಪರೀಕ್ಷಿಸುವಂತೆ ಹೇಳಿದನು. ಭೂಮಿಯ ಮೇಲೆ ಜೀವವಿಲ್ಲವೆಂದು ಉಪಕರಣ ತೀರ್ಪಿತ್ತಿತು. ಅದನ್ನು ನೌಕೆಯಿಂದ ಇಳಿಸಿದರು.

ಅಕ್ಟೋಬರ್ 10ರಂದು ಮೊದಲ ರಾಕೆಟ್ಟು ಎದ್ದಿತು. ಕಂಪನದ ಹೊಡೆತಕ್ಕೆ ದಿಕ್ಕು ಕಾಯುವ ಉಪಕರಣದೊಳಗಿನ ಸಂಪರ್ಕವೊಂದು ಕಡಿದು, ಮೂರನೆಯ ಹಂತ ದಾರಿ ತಪ್ಪಿ, ನೌಕೆ ಸೈಬೀರಿಯದ ಮೇಲೆ ಉರಿದು ಬಿದ್ದಿತು. ನಾಲ್ಕು ದಿನಗಳ ಮೇಲೆ ಎರಡನೆಯದು. ಈ ಸಲ ದ್ರವ ಆಮ್ಲಜನಕ ಸೋರಿ ಸೀಮೆಎಣ್ಣೆ ಹೆಪ್ಪುಗಟ್ಟಿತು. ಮೂರನೆಯ ಹಂತ ಹೊತ್ತಿಕೊಳ್ಳಲೇ ಇಲ್ಲ. ಆ ದಿನಗಳಲ್ಲಿ ಕ್ರುಶ್ಚೇವ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಸಭೆಗೆ ಹೋಗಿದ್ದನು. ಜಗತ್ತಿಗೆ ಸಾರಬೇಕಾದ ಸುದ್ದಿ ಬರಲಿಲ್ಲ. ಬಂದ ಸುದ್ದಿಯನ್ನು ಸಾರುವಂತಿರಲಿಲ್ಲ.

1961ರ ಫೆಬ್ರವರಿಯಲ್ಲಿ ಶುಕ್ರನ ಮುಹೂರ್ತ. ನಾಲ್ಕನೆಯಂದು ಹಾರಿದ ನೌಕೆ ಭೂಮಿಯ ಸುತ್ತಿನ ಕಕ್ಷೆಯನ್ನೇನೋ ಸೇರಿತು. ಅಲ್ಲಿಂದ ಶುಕ್ರನತ್ತ ತಳ್ಳಬೇಕಾದ ನಾಲ್ಕನೆಯ ಹಂತ ಮಿಸುಕಲಿಲ್ಲ. ವಿದ್ಯುತ್ತನ್ನು ಮಾರ್ಪಡಿಸುವ ಒಂದು ಸಾಧನವು ಗಾಳಿಯಿಲ್ಲದ ಎಡೆಯಲ್ಲಿ ದುಡಿಯುವಂತೆ ರಚಿತವಾಗಿರಲಿಲ್ಲವೆಂದು ತಿಳಿದುಬಂದಿತು. ಭಾರವಾದ ಹೊಸ ಉಪಗ್ರಹವೊಂದನ್ನು ಹಾರಿಸಿದೆವೆಂದು ಸರಕಾರ ಪ್ರಕಟಿಸಿ ಸುಮ್ಮನಾಯಿತು. ಆ ನೌಕೆಯ ಮುಂದಿನ ಕಥೆಯನ್ನೂ ಚೆರ್ತೋಕನೇ ಹೇಳುತ್ತಾನೆ. ಶುಕ್ರನ ನೆಲಕ್ಕೆ ಕಾಣಿಕೆಯಾಗಿ ಅದರಲ್ಲಿ ಒಂದು ಪದಕವನ್ನು ಇಟ್ಟಿದ್ದರು. 1963ರಲ್ಲಿ ಸೈಬೀರಿಯದ ನದಿಯೊಂದರಲ್ಲಿ ಈಜುತ್ತಿದ್ದ ಹುಡುಗನೊಬ್ಬನ ಕಾಲಿಗೆ ಲೋಹದ ಚೂರು ಚುಚ್ಚಿತು. ಹುಡುಗ ಅದನ್ನು ತಂದೆಗೆ ಕೊಟ್ಟನು. ತಂದೆ ಪೊಲೀಸರಿಗೆ ಒಪ್ಪಿಸಿದನು. ಕೈಯಿಂದ ಕೈಗೆ ಸಾಗಿ ಕೊನೆಗೆ ಅದು ವಿಜ್ಞಾನ ಅಕಾಡೆಮಿಯ ಅಧ್ಯಕ್ಷ ಕೆಲ್ದಿಷನ ಮೇಜಿಗೂ ಅಲ್ಲಿಂದ ಚೆರ್ತೋಕನಿಗೂ ತಲುಪಿತು. ಶುಕ್ರನಿಗೆಂದು ಕಳುಹಿದ ಪದಕ ಹೀಗೆ ಕಳುಹಿದವರ ಮನೆಗೇ ಮರಳಿತು.

ಆ ಸಾಧನವನ್ನು ಮೊಹರುಮಾಡಿದ ಡಬ್ಬಿಯೊಳಗಿಟ್ಟು ಎಂಟೇ ದಿನಗಳಲ್ಲಿ, ಫೆಬ್ರವರಿ 12ರಂದು, ವೆನೆರಾ-1 ನೌಕೆಯನ್ನು ಹಾರಿಸಿದರು. 643.5 ಕಿಲೋಗ್ರಾಂ ತೂಕದ ಆ ನೌಕೆ ಭೂಮಿಯ ಸೆರೆಯಿಂದ ಬಿಡಿಸಿಕೊಂಡು ಶುಕ್ರನ ದಾರಿ ಹಿಡಿಯಿತು. ಮನುಷ್ಯನು ಬೇರೊಂದು ಗ್ರಹದತ್ತ ನಿಜವಾಗಿಯೂ ಕಳುಹಿದ ಮೊದಲ ದೂತ ಅದು. ವಿದ್ಯುತ್ತನ್ನು ಉಳಿಸಲೆಂದು ಐದು ದಿನಗಳಿಗೊಮ್ಮೆ ಎಚ್ಚೆತ್ತು ಮಾತನಾಡುವಂತೆ ಅದನ್ನು ರಚಿಸಿದ್ದರು. ಐದು ದಿನಗಳ ಮೇಲೆ, ಸುಮಾರು 19 ಲಕ್ಷ ಕಿಲೋಮೀಟರ್ ದೂರದಿಂದ ಒಮ್ಮೆ ಮಾತನಾಡಿತು. ಬಳಿಕ ಏಳಲಿಲ್ಲ. ಇಂಗ್ಲೆಂಡಿನ ಜೊಡ್ರೆಲ್ ಬ್ಯಾಂಕ್ ವೇಧಶಾಲೆಯ ದೊಡ್ಡ ದೂರದರ್ಶಕದ ಸಹಾಯವನ್ನೂ ಬೇಡಿದರು. ರಷ್ಯದ ವಿಜ್ಞಾನಿಗಳು ಅಲ್ಲಿಗೇ ಹೋಗಿ ಕಿವಿಗೊಟ್ಟು ಕುಳಿತರು. ಮೇ ತಿಂಗಳಲ್ಲಿ ನೌಕೆ ಶುಕ್ರನಿಂದ ಒಂದು ಲಕ್ಷ ಕಿಲೋಮೀಟರ್ ಅಂತರದಲ್ಲಿ ಮೌನವಾಗಿ ಹಾದುಹೋಯಿತೆಂದು ಗಣಿತ ಹೇಳುತ್ತದೆ. ನಡುವೆ ಏಪ್ರಿಲ್ 12ರಂದು ಗಗಾರಿನ್ ಭೂಮಿಯನ್ನು ಸುತ್ತಿ ಬಂದಿದ್ದನು. ಆ ಸಂಭ್ರಮದಲ್ಲಿ ವೆನೆರಾ-1ನ್ನು ನೆನೆಯುವವರಿರಲಿಲ್ಲ.

1962ರಲ್ಲಿ ಆರು ಉಡಾವಣೆಗಳು. ಆಗಸ್ಟ್, ಸೆಪ್ಟೆಂಬರುಗಳಲ್ಲಿ ಶುಕ್ರನತ್ತ ಹೊರಟ ಮೂರೂ ಭೂಮಿಯ ಕಕ್ಷೆಯಲ್ಲಿಯೇ ಉಳಿದವು. ಅಕ್ಟೋಬರ್ 24ರಂದು ಮಂಗಳನತ್ತ ಹೊರಟದ್ದು ಕಕ್ಷೆಯಲ್ಲಿ ಸಿಡಿದು ಚೂರಾಯಿತು. ಅದು ಕ್ಯೂಬಾದ ಬಿಕ್ಕಟ್ಟಿನ ವಾರ. ಎರಡು ಮಹಾರಾಷ್ಟ್ರಗಳು ಅಣುಯುದ್ಧದ ಅಂಚಿನಲ್ಲಿ ನಿಂತಿದ್ದಾಗ ಅಮೆರಿಕದ ಎಚ್ಚರಿಕೆಯ ರೇಡಾರುಗಳ ಮುಂದೆ ಆ ಚೂರುಗಳು ಹಾದುಹೋದವು. ಅದೇ ಸಮಯಕ್ಕೆ ಉಡಾವಣೆಯ ನೆಲೆಯಲ್ಲಿ ಮಂಗಳನ ರಾಕೆಟ್ಟನ್ನು ಬದಿಗೆ ಸರಿಸಿ ಯುದ್ಧದ ಆರ್-7ನ್ನು ಸಜ್ಜುಗೊಳಿಸಲು ಅಪ್ಪಣೆಯಾಗಿತ್ತೆಂದು ಚೆರ್ತೋಕ್ ಬರೆದಿದ್ದಾನೆ. ಒಂದೇ ರಾಕೆಟ್ಟು ಮಂಗಳನಿಗೂ ಹೋಗಬಲ್ಲುದು, ನಗರವೊಂದನ್ನು ಸುಡಲೂ ಬಲ್ಲುದು. ಕೊರೊಲೆವ್‌ನ ಕನಸು ನಿಂತಿದ್ದ ನೆಲ ಎಂಥದೆಂಬುದು ಈ ಒಂದು ಸಂಗತಿಯಿಂದ ಗೊತ್ತಾಗುತ್ತದೆ. ಬಿಕ್ಕಟ್ಟು ಕರಗಿತು. ನವೆಂಬರ್ 1ರಂದು 893.5 ಕಿಲೋಗ್ರಾಂ ತೂಕದ ಮಾರ್ಸ್-1 ಸರಿಯಾದ ದಾರಿಯಲ್ಲಿ ಹೊರಟಿತು. ಆದರೆ ನೌಕೆಯನ್ನು ತಿರುಗಿಸುವ ಸಾರಜನಕ ಅನಿಲವು ಕವಾಟದ ಸಂದಿನಿಂದ ಸೋರಲು ತೊಡಗಿತ್ತು. ಆದರೂ ಅದು ನಾಲ್ಕೂವರೆ ತಿಂಗಳು ಮಾತನಾಡಿತು. 1963ರ ಮಾರ್ಚ್ 21ರಂದು 10 ಕೋಟಿ 60 ಲಕ್ಷ ಕಿಲೋಮೀಟರ್ ದೂರದಿಂದ ಕೊನೆಯ ಸಲ ದನಿಗೊಟ್ಟು ನಿಂತಿತು. ಅಷ್ಟು ದೂರದಿಂದ ಅದುವರೆಗೆ ಯಾವ ಯಂತ್ರವೂ ಮನುಷ್ಯನೊಡನೆ ಮಾತನಾಡಿರಲಿಲ್ಲ.

ಈ ನಡುವೆ ಅಮೆರಿಕದವರ ಮ್ಯಾರಿನರ್-2 ನೌಕೆ 1962ರ ಡಿಸೆಂಬರ್ 14ರಂದು ಶುಕ್ರನ ಬಳಿ ಹಾದು ಅದರ ಸುದ್ದಿಯನ್ನು ಕಳುಹಿತು. ಅವರಿಗೂ ಸೋಲು ತಪ್ಪಿರಲಿಲ್ಲ. ಅದರ ಜೋಡಿಯಾದ ಮ್ಯಾರಿನರ್-1 ಜುಲೈ 22ರಂದು ಹಾರಿದ ಐದು ನಿಮಿಷದೊಳಗೆ ದಾರಿ ತಪ್ಪಿದ್ದರಿಂದ ಅದನ್ನು ನಾಶಪಡಿಸಬೇಕಾಗಿತ್ತು. ವ್ಯತ್ಯಾಸವಿದ್ದುದು ಇನ್ನೊಂದೆಡೆ. ಅಮೆರಿಕದ ಸೋಲು ಮರುದಿನದ ಪತ್ರಿಕೆಯಲ್ಲಿ ಅಚ್ಚಾಯಿತು. ಸೋವಿಯೆತ್ ಸೋಲಿಗೆ ಹೆಸರೂ ಇರಲಿಲ್ಲ. 1962ರಲ್ಲಿ ಕಕ್ಷೆಯಲ್ಲಿ ಉಳಿದ ನೌಕೆಗಳ ಮಾತನ್ನೇ ಎತ್ತಲಿಲ್ಲ. ಮುಂದಿನ ವರ್ಷದಿಂದ ಅಂಥವುಗಳಿಗೆ ಕೊಸ್ಮೊಸ್ ಎಂಬ ಸಾಮಾನ್ಯ ಹೆಸರನ್ನೂ ಒಂದು ಸಂಖ್ಯೆಯನ್ನೂ ಅಂಟಿಸಿ ಗುಂಪಿನಲ್ಲಿ ಸೇರಿಸಿಬಿಟ್ಟರು. ಗುರಿ ಮುಟ್ಟುವ ದಾರಿಗೆ ಬಿದ್ದದ್ದಕ್ಕೆ ಮಾತ್ರ ವೆನೆರಾ, ಮಾರ್ಸ್ ಎಂಬ ನಾಮಕರಣ.

ಕೊರೊಲೆವ್‌ನ ಗತಿಯೂ ಅದೇ. ಶತ್ರುಗಳಿಂದ ಕಾಪಾಡಬೇಕೆಂಬ ನೆವದಲ್ಲಿ ಸರಕಾರ ಅವನ ಹೆಸರನ್ನು ಮುಚ್ಚಿಟ್ಟಿತ್ತು. ಪತ್ರಿಕೆಗಳಲ್ಲಿ ಅವನು ಬರಿಯ ಮುಖ್ಯ ನಿರ್ಮಾಪಕ. ಪ್ರಾವ್ದಾ ಪತ್ರಿಕೆಗೆ ಹೊಸವರ್ಷದ ಲೇಖನ ಬರೆದಾಗಲೂ ಪ್ರೊಫೆಸರ್ ಸೆರ್ಗೆಯೆವ್ ಎಂಬ ಕಲ್ಪಿತ ಹೆಸರಿನ ಹಿಂದೆ ನಿಲ್ಲಬೇಕಾಗಿತ್ತು. ಗೆದ್ದವನ ಹೆಸರನ್ನೂ ಸೋತ ನೌಕೆಗಳ ಹೆಸರನ್ನೂ ಒಂದೇ ಕೈ ಅಳಿಸಿತು. ಅವನ ಮನಸ್ಸಿಗೆ ಇವೆರಡರಲ್ಲಿ ಯಾವುದು ಹೆಚ್ಚು ನೋವಾಗಿತ್ತೆಂದು ನಾನು ಆಗಾಗ ಯೋಚಿಸಿದ್ದೇನೆ.

ಹೊರಗೆ ಮುಚ್ಚಿಟ್ಟ ಸೋಲನ್ನು ಒಳಗೆ ಅವನು ಹೇಗೆ ಕಂಡನು? ನನಗೆ ಮುಖ್ಯವೆನಿಸುವ ಪ್ರಶ್ನೆ ಇದು. ಕೊರೊಲೆವ್ ಮುಂಗೋಪಿ. ತಪ್ಪು ಕಂಡರೆ ಸಿಡಿಯುತ್ತಿದ್ದನು. ರೈಲುಹಳಿಯ ಮೇಲೆ ನಡೆದುಕೊಂಡೇ ಮಾಸ್ಕೋ ನಗರಕ್ಕೆ ಹೋಗೆಂದು ಎಂಜಿನಿಯರುಗಳನ್ನು ಗದರುತ್ತಿದ್ದನು. ಆದರೆ ಹಾಗೆ ನಡೆದುಹೋದವರಿಲ್ಲ; ಮರುದಿನ ಅದೇ ಮನುಷ್ಯನನ್ನು ಕರೆದು ಕೆಲಸ ಹೇಳುತ್ತಿದ್ದನು. ಪ್ರತಿಯೊಂದು ವಿಫಲತೆಯ ಮೇಲೂ ವಿಚಾರಣಾ ಮಂಡಳಿ ಕೂಡುತ್ತಿತ್ತು. ಸಂಪರ್ಕ ಕಡಿದದ್ದು ಎಲ್ಲಿ, ಕವಾಟ ಸೋರಿದ್ದು ಏಕೆ ಎಂದು ಬೇರಿನವರೆಗೆ ಹುಡುಕುತ್ತಿತ್ತು. ಸೋತ ಪ್ರಯೋಗಕ್ಕಾಗಿ ತಾನು ಗಣಿಯಲ್ಲಿ ಹಲ್ಲು ಕಳೆದುಕೊಂಡವನು, ತನ್ನ ಕೈಕೆಳಗಿನವರನ್ನು ಅಂಥ ಸೋಲಿಗಾಗಿ ಸೆರೆಮನೆಯ ಕಡೆ ತೋರಿಸಲಿಲ್ಲ. ಸ್ಟಾಲಿನನ ಕಾಲ ಕಳೆದಿತ್ತು, ನಿಜ. ಆದರೂ ಪೆಟ್ಟು ತಿಂದವನು ಅಧಿಕಾರ ಬಂದಾಗ ಪೆಟ್ಟು ಕೊಡುವವನಾಗುವುದು ಲೋಕದಲ್ಲಿ ಅಪರೂಪವೇನಲ್ಲ. ಅವನು ಹಾಗಾಗಲಿಲ್ಲ. ಸ್ಪುಟ್ನಿಕ್ಕಿಗಿಂತ ಇದು ದೊಡ್ಡ ಸಾಧನೆಯೆಂದು ಹೇಳಿದರೆ ಅತಿಶಯೋಕ್ತಿಯೆನ್ನಬಹುದು. ಚಿಕ್ಕದೆಂದು ಹೇಳಲು ಮಾತ್ರ ನಾನು ಒಪ್ಪೆನು.

ಹಾಗೆಂದು ಅವನ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಅವನು ಅತಿಯಾಗಿ ಅವಸರಪಟ್ಟನು. ಮನುಷ್ಯರ ನೌಕೆ, ಸೈನ್ಯದ ಕ್ಷಿಪಣಿ, ಬೇಹುಗಾರಿಕೆಯ ಉಪಗ್ರಹ, ಚಂದ್ರನ ರಾಕೆಟ್ಟು, ಗ್ರಹಗಳ ನೌಕೆ ಇವೆಲ್ಲವನ್ನೂ ಒಂದೇ ಶಾಲೆಯಲ್ಲಿ ಒಂದೇ ಹೆಗಲ ಮೇಲೆ ಹೊತ್ತನು. ನೆಲದ ಮೇಲೆ ತಿಂಗಳುಗಟ್ಟಲೆ ಮಾಡಬೇಕಾದ ಪರೀಕ್ಷೆಯನ್ನು ಹಾರಾಟದಲ್ಲಿಯೇ ಮಾಡಿದಂತಾಯಿತು. 1964ರ ಏಪ್ರಿಲಿನಲ್ಲಿ ಶುಕ್ರನತ್ತ ಹೊರಟ ಝೊಂಡ್-1ರ ಒಳಗಿನ ಗಾಳಿ ಕಿಟಕಿಯ ಅಂಚಿನಿಂದ ಸೋರಿಹೋಯಿತು. ನವೆಂಬರಿನಲ್ಲಿ ಮಂಗಳನತ್ತ ಹೊರಟ ಝೊಂಡ್-2ಕ್ಕೆ ಸೂರ್ಯನಿಂದ ವಿದ್ಯುತ್ ಪಡೆಯುವ ಫಲಕವೊಂದು ಬಿಚ್ಚಿಕೊಳ್ಳದೆ ಅರ್ಧ ಶಕ್ತಿ ಕುಂದಿತು. ಅದೂ ದಾರಿಯಲ್ಲಿಯೇ ಮೌನವಾಯಿತು. 1965ರ ಜುಲೈಯಲ್ಲಿ ಅಮೆರಿಕದ ಮ್ಯಾರಿನರ್-4 ಮಂಗಳನ ಚಿತ್ರಗಳನ್ನು ಕಳುಹಿತು. ಜಾಂಡರನ ಮಂಗಳನನ್ನು ಬೇರೆಯವರು ಮೊದಲು ಕಂಡರು.

ಆ ವರ್ಷ ಕೊರೊಲೆವ್ ಮಾಡಿದ ಒಂದು ಕೆಲಸ ಹೊರಗಿನವರಿಗೆ ಸಣ್ಣದಾಗಿ ತೋರಬಹುದು. ಚಂದ್ರನಿಗೂ ಗ್ರಹಗಳಿಗೂ ಹೋಗುವ ಯಂತ್ರನೌಕೆಗಳ ಕೆಲಸವನ್ನೆಲ್ಲ ನಕ್ಷೆಗಳ ಸಮೇತ ಲಾವೊಚ್ಕಿನ್ ನಿರ್ಮಾಣಶಾಲೆಯ ಗಿಯೋರ್ಗಿ ಬಬಾಕಿನ್ ಎಂಬವನಿಗೆ ಒಪ್ಪಿಸಿದನು. ತನ್ನ ಬಾಳಿನ ಆಸೆಯನ್ನು ಇನ್ನೊಬ್ಬನ ಕೈಯಲ್ಲಿ ಇಡುವುದು ಯಾರಿಗೂ ಸುಲಭವಲ್ಲ. ಮಗಳನ್ನು ಧಾರೆಯೆರೆದು ಕೊಟ್ಟಂತೆ. ತನ್ನಿಂದ ಎಲ್ಲವೂ ಆಗದೆಂದು ಅರಿತದ್ದು ಅವನ ಸೋಲುಗಳು ಕಲಿಸಿದ ಕೊನೆಯ ಪಾಠವಾಗಿರಬೇಕು. ತನ್ನ ಶಾಲೆಯಲ್ಲಿ ಅದಾಗಲೇ ಸಿದ್ಧವಾಗಿದ್ದ ನೌಕೆಗಳನ್ನು ಮಾತ್ರ ಅವನೇ ಕಳುಹಿದನು. 1965ರ ನವೆಂಬರ್ 12ರಂದು ವೆನೆರಾ-2, 16ರಂದು ವೆನೆರಾ-3 ಹೊರಟವು.

ಎರಡೂ ದಾರಿಯಲ್ಲಿದ್ದಾಗ ಅವನು ಆಸ್ಪತ್ರೆ ಸೇರಿದನು. ಮರಣಕ್ಕೆ ಕೆಲವು ದಿನಗಳ ಹಿಂದೆ, ಅತಿಥಿಗಳೆಲ್ಲ ಹೋದ ಮೇಲೆ, ಗಗಾರಿನನನ್ನೂ ಲಿಯೊನೋವನನ್ನೂ ಉಳಿಸಿಕೊಂಡು ತನ್ನ ಸೆರೆವಾಸದ ಕಥೆಯನ್ನು ಮೊದಲ ಬಾರಿಗೆ ಅವರಿಗೆ ಹೇಳಿದನೆಂದು ಲಿಯೊನೋವ್ ಬರೆದಿದ್ದಾನೆ. ಅಷ್ಟು ವರ್ಷ ಜೊತೆಯಲ್ಲಿದ್ದ ಆ ತರುಣರಿಗೆ ಅದುವರೆಗೆ ಅದು ತಿಳಿದಿರಲಿಲ್ಲ. 1966ರ ಜನವರಿ 14ರಂದು ಆರೋಗ್ಯಮಂತ್ರಿಯೂ ಶಸ್ತ್ರವೈದ್ಯನೂ ಆಗಿದ್ದ ಪೆತ್ರೋವ್ಸ್ಕಿಯೇ ಶಸ್ತ್ರಚಿಕಿತ್ಸೆ ನಡೆಸಿದನು. ಸಣ್ಣದೆಂದು ತಿಳಿದಿದ್ದ ಗೆಡ್ಡೆಯ ಜೊತೆಗೆ ದೊಡ್ಡದೊಂದು ಕಂಡಿತು. ಉಸಿರಾಟದ ನಳಿಗೆಯನ್ನು ಗಂಟಲಿಗೆ ಇಳಿಸುವುದು ಕಷ್ಟವಾಯಿತೆಂದೂ, ವಿಚಾರಣೆಯ ದಿನಗಳಲ್ಲಿ ಮುರಿದ ದವಡೆಯೇ ಅದಕ್ಕೆ ಕಾರಣವೆಂದೂ ಹೇಳುತ್ತಾರೆ. ಹೃದಯ ನಿಂತಿತು. ವಯಸ್ಸು ಐವತ್ತೊಂಬತ್ತು. ಎರಡು ದಿನಗಳ ಮೇಲೆ ಪತ್ರಿಕೆಯಲ್ಲಿ ಅವನ ಭಾವಚಿತ್ರವೂ ಹೆಸರೂ ಅಚ್ಚಾದವು. ಸ್ಪುಟ್ನಿಕ್ಕನ್ನು ಕಟ್ಟಿದವನು ಯಾರೆಂದು ಅವನ ದೇಶದ ಜನ ತಿಳಿದದ್ದು ಅವನ ಮರಣವಾರ್ತೆಯಿಂದ.

ಆಮೇಲಿನದು ಬೇಗನೆ ನಡೆಯಿತು. ಫೆಬ್ರವರಿ 3ರಂದು, ಅವನ ಶಾಲೆಯಲ್ಲಿ ಆರಂಭವಾಗಿ ಬಬಾಕಿನನ ಕೈಯಲ್ಲಿ ಮುಗಿದ ಲೂನಾ-9 ಚಂದ್ರನ ಮೇಲೆ ಮೆಲ್ಲಗೆ ಇಳಿಯಿತು. ಅದೇ ತಿಂಗಳು 27ರಂದು ವೆನೆರಾ-2 ಶುಕ್ರನಿಂದ 24,000 ಕಿಲೋಮೀಟರ್ ಅಂತರದಲ್ಲಿ ಹಾದಿತು, ಸುದ್ದಿ ಕೊಡಲಿಲ್ಲ. ಮಾರ್ಚ್ 1ರಂದು ವೆನೆರಾ-3 ಶುಕ್ರನನ್ನು ಸೇರಿತು. ಬಬಾಕಿನ್ ತನಗೆ ಬಂದ ನೌಕೆಯ ನಕ್ಷೆಯನ್ನೂ ಅದರ ಸೋಲುಗಳ ಪಟ್ಟಿಯನ್ನೂ ಮುಂದಿಟ್ಟುಕೊಂಡು ಕುಳಿತನು. ಹಾರುವುದಕ್ಕೆ ಮೊದಲು ನೆಲದ ಮೇಲೆಯೇ ನೌಕೆಯನ್ನು ಶೂನ್ಯದಲ್ಲಿಟ್ಟು, ಕಾಯಿಸಿ, ಗರಗರನೆ ತಿರುಗಿಸಿ ಪರೀಕ್ಷಿಸಿದನು. 1967ರ ಅಕ್ಟೋಬರ್ 18ರಂದು ವೆನೆರಾ-4 ಶುಕ್ರನ ವಾಯುಮಂಡಲದೊಳಕ್ಕೆ ಇಳಿಯುತ್ತ ಒಂದೂವರೆ ಗಂಟೆ ಮಾತನಾಡಿತು. 1970ರ ಡಿಸೆಂಬರ್ 15ರಂದು ವೆನೆರಾ-7 ಶುಕ್ರನ ನೆಲದಿಂದಲೇ ಇಪ್ಪತ್ತಮೂರು ನಿಮಿಷ ಕ್ಷೀಣಸ್ವರದಲ್ಲಿ ಸುದ್ದಿ ಕಳುಹಿತು. ಆಗ ತಿಳಿದದ್ದೇನೆಂದರೆ, ಆ ನೆಲದ ಮೇಲಿನ ಒತ್ತಡ ನಮ್ಮ ಭೂಮಿಯದಕ್ಕಿಂತ ಸುಮಾರು ತೊಂಬತ್ತು ಪಟ್ಟು, ಶಾಖ 460 ಡಿಗ್ರಿಗೂ ಹೆಚ್ಚು. ಕೊರೊಲೆವ್‌ನ ವೆನೆರಾ-3 ಕೆಡದೆ ಹೋಗಿದ್ದರೂ ಆ ಕುಲುಮೆಯ ನೆಲವನ್ನು ಜೀವಂತವಾಗಿ ಮುಟ್ಟಲಾರದಾಗಿತ್ತು. ಬೆಳ್ಳಿ ಎಂಥ ಲೋಕವೆಂಬುದು ಅದನ್ನು ಕಟ್ಟಿದಾಗ ಯಾರಿಗೂ ಗೊತ್ತಿರಲಿಲ್ಲ.

2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ಮೊದಲ ಯತ್ನದಲ್ಲಿಯೇ ಮಂಗಳನ ಕಕ್ಷೆಯನ್ನು ಸೇರಿತು. ಆ ದಿನ ನಾವು ಹೆಮ್ಮೆಪಟ್ಟದ್ದು ಸಹಜ. ಆದರೆ ಅದಕ್ಕೆ ಮುನ್ನ ಬೇರೆ ಬೇರೆ ದೇಶಗಳಿಂದ ಮಂಗಳನತ್ತ ಹೊರಟ ನೌಕೆಗಳಲ್ಲಿ ಅರ್ಧಕ್ಕೂ ಹೆಚ್ಚು ಕೆಟ್ಟುಹೋಗಿದ್ದವು; ಆ ಸಾಲಿನ ಮೊದಲನೆಯದು 1960ರ ಅಕ್ಟೋಬರ್ 10ರಂದು ಸೈಬೀರಿಯದ ಮೇಲೆ ಉರಿದದ್ದು. ಸೋಲುಗಳ ಆ ಪಟ್ಟಿ ಇಂದು ಎಲ್ಲರ ಮುಂದೆ ಬಿಚ್ಚಿಟ್ಟ ಪುಸ್ತಕ. ಬರೆದಿಟ್ಟ ಸೋಲು ಬಹುಜನರ ಪಾಠ. ಮುಚ್ಚಿಟ್ಟದ್ದು ಮುಚ್ಚಿಟ್ಟವರಿಗೆ ಮಾತ್ರ.

ನಮ್ಮ ಶಾಲೆಗಳಲ್ಲಿ ವಿಜ್ಞಾನದ ಚರಿತ್ರೆಯನ್ನು ಕಲಿಸುವಾಗ ಗೆದ್ದ ದಿನಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಸುವುದುಂಟು. ಅದರ ಪಕ್ಕದಲ್ಲಿ ಈ ಮೂಕ ನೌಕೆಗಳ ಪಟ್ಟಿಯನ್ನೂ ಇಡಬೇಕೆಂದು ಉಪಾಧ್ಯಾಯರಲ್ಲಿ ನನ್ನ ಬಿನ್ನಹ. ಪ್ರಯೋಗಶಾಲೆಯಲ್ಲಿ ಲೆಕ್ಕ ಹೊಂದದಿದ್ದಾಗ ಉತ್ತರವನ್ನು ತಿದ್ದಿ ಬರೆಯುವ ಹುಡುಗನಿಗೆ, ಕವಾಟ ಸೋರಿದ್ದು ಎಲ್ಲಿ ಎಂದು ಹುಡುಕಿದವರ ಕಥೆ ತಿಳಿದಿರಬೇಕು. ತಪ್ಪಿದ ಲೆಕ್ಕವನ್ನು ಹಾಗೆಯೇ ತಂದು ತೋರಿಸಿದವನನ್ನು ಗದರಿಸದ ಉಪಾಧ್ಯಾಯರೂ ಇರಬೇಕು.